ಹೆಂಗಸರ ಬದಿಯಲ್ಲಿ ಅರ್ಥ ಹೇಳಿದವಳು

ಫಟ ಫಟ ಫಟ ಫಟ. ರೀಲು ಮುಗಿದು ಅದರ ತುದಿ ತಿರುಗುವ ಚಕ್ರದ ಜೊತೆ ಸುತ್ತುತ್ತ ಪ್ರೊಜೆಕ್ಟರಿನ ಮೈಗೆ ಬಡಿಯುವ ಸದ್ದು ಅದು. ಬುಟ್ಟಿಗೆ ಹಾಕಿದ ಜೀವಂತ ಮೀನು ಬಾಲ ಬಡಿದ ಹಾಗೆ. ಸಿನೆಮಾ ಎಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಯಾವ ಹಾಡೂ ಅಲ್ಲ, ಈ ಸದ್ದು. ಟೆಂಟಿನಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರ್. ಒಂದು ರೀಲು ಬಿಚ್ಚಿ ಇನ್ನೊಂದನ್ನು ಏರಿಸುವವರೆಗೆ ದೀಪ ಹೊತ್ತಿಸುತ್ತಿದ್ದರು. ದೀಪ ಹೊತ್ತಿದ ಕೂಡಲೇ ಹೆಂಗಸರ ಬದಿಯಲ್ಲಿ ಚಾಪೆ ಹಾಸಿ ಕುಳಿತ ಇಪ್ಪತ್ತು ಮೂವತ್ತು ಮುಖಗಳು ಪರದೆಯನ್ನು ಬಿಟ್ಟು ನನ್ನ ಕಡೆ ತಿರುಗುತ್ತಿದ್ದವು.

"ಏ ಬಾಲೆ, ಆಯೆ ದಾದ ಪನ್ಪೆ?" ಅವನು ಏನು ಹೇಳುತ್ತಾನೆ, ಅಂತ.

ನಮ್ಮದು ಗುರುವಾಯನಕೆರೆಯಿಂದ ಒಂದು ಮೈಲಿ ಒಳಗೆ. ಸುಗ್ಗಿಯ ಕೊಯ್ಲು ಮುಗಿದ ಮೇಲೆ ಕೆರೆಯ ಕೆಳಗಿನ ಗದ್ದೆಯಲ್ಲಿ ಟೂರಿಂಗ್ ಟಾಕೀಸಿನವರು ಟೆಂಟು ಹಾಕಿದರೆ ಮಳೆಗಾಲದ ಮೊದಲ ಹನಿಯವರೆಗೆ ಅಲ್ಲೇ. ಬರುತ್ತಿದ್ದ ಚಿತ್ರಗಳು ಹಿಂದಿ, ತಮಿಳು, ಎಲ್ಲೋ ಒಂದು ಕನ್ನಡ. ನೋಡುವ ಹೆಂಗಸರಿಗೆ ಇದ್ದದ್ದು ತುಳು ಒಂದೇ. ಕನ್ನಡವೆಂದರೆ ಶಾಲೆಯ ಮೇಷ್ಟ್ರು ಮತ್ತು ಶಾನುಭೋಗರು ಮಾತಾಡುವುದು ಎಂಬ ಕಾಲ. ನಾನೋ, ತಾಯಿ ತೀರಿಹೋದ ಮೇಲೆ ಮಂಗಳೂರಿನ ಒಂದು ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿದವಳು, ಬೇಸಗೆ ರಜೆಗೆ ಅಜ್ಜಿಯ ಮನೆಗೆ ಬರುವವಳು. ಇಂಗ್ಲಿಷ್ ಬರುವವಳಿಗೆ ಉಳಿದದ್ದೆಲ್ಲ ಬಂದೇ ಬರುತ್ತದೆ ಎಂಬುದು ಊರಿನ ಲೆಕ್ಕ. ತಾಳಮದ್ದಳೆಯಲ್ಲಿ ಹಾಡಿಗೆ ಅರ್ಥ ಹೇಳುವವರು ಇರುತ್ತಾರಲ್ಲ, ಹಾಗೆ ಸಿನೆಮಾಕ್ಕೆ ಅರ್ಥ ಹೇಳುವವಳು ನಾನಾದೆ. ನನಗಾಗ ಹದಿನೈದು.

ನಿಜ ಹೇಳುತ್ತೇನೆ. ನನಗೆ ಹಿಂದಿ ಬರುತ್ತಿರಲಿಲ್ಲ. ವಾರಕ್ಕೊಂದು ಪೀರಿಯಡ್ ಇತ್ತು, ಇದು ಪೆನ್ನು, ಅದು ಮೇಜು, ರಾಮ ಮಾವಿನಹಣ್ಣು ತಿನ್ನುತ್ತಾನೆ, ಅಷ್ಟೇ. ತಮಿಳಂತೂ ಸೊನ್ನೆ. ಆದರೂ ನಾನು ಅರ್ಥ ಹೇಳುತ್ತಿದ್ದೆ, ಮತ್ತು ನೂರಕ್ಕೆ ತೊಂಬತ್ತು ಸರಿಯಾಗಿಯೇ ಹೇಳುತ್ತಿದ್ದೆ. ಅದು ನನ್ನ ಜಾಣತನ ಎಂದು ಆಗ ಅಂದುಕೊಂಡಿದ್ದೆ. ಈಗ ಗೊತ್ತು, ಅದು ಆ ಚಿತ್ರಗಳ ಗುಣ. ಅವಕ್ಕೆ ಮಾತೇ ಬೇಕಿರಲಿಲ್ಲ. ಒಬ್ಬ ಒಂದು ಸಲ ಕೆಮ್ಮಿದರೆ ಸಾಕು, ಅವನು ಮೂರು ರೀಲಿನಲ್ಲಿ ಸಾಯುತ್ತಾನೆ. ಹೊರಗೆ ಗುಡುಗು ಮಿಂಚು, ಒಳಗೆ ಒಂದು ಗಂಡು ಒಂದು ಹೆಣ್ಣು, ದೀಪ ನಂದಿತು: ಮುಂದಿನ ರೀಲಿನಲ್ಲಿ ಅವಳಿಗೆ ವಾಂತಿ. ಬೆಳ್ಳಿಯ ತಟ್ಟೆ ಕೈಜಾರಿ ಕೆಳಗೆ ಬಿದ್ದು ಸುತ್ತಿದರೆ ಸಾವಿನ ತಾರು ಬಂದ ಹಾಗೆಯೇ. ಬಿಳಿ ಸೀರೆ, ತುಳಸಿಕಟ್ಟೆ, ಆರತಿ, ಇಂಥವಳು ಯಾವತ್ತೂ ಒಳ್ಳೆಯವಳು. ಕೂಲಿಂಗ್ ಗ್ಲಾಸು, ವ್ಯಾನಿಟಿ ಬ್ಯಾಗು, ಕತ್ತರಿಸಿದ ಕೂದಲು, ಒಬ್ಬಳೇ ಹೋಟೆಲಿಗೆ ಹೋಗಿ ಕುಳಿತುಕೊಳ್ಳುವುದು, ಇಂಥವಳು ಮನೆ ಮುರಿಯುವವಳು. ಪಿಟೀಲು ಕೊಯ್ದರೆ ಅಳಬೇಕು, ತುತ್ತೂರಿ ಊದಿದರೆ ಹೆದರಬೇಕು. ಇಷ್ಟು ಗೊತ್ತಿದ್ದರೆ ಯಾರು ಬೇಕಾದರೂ ಅರ್ಥ ಹೇಳಬಹುದು.

ದೇವರ ಚಿತ್ರಗಳಿಗೆ ನನ್ನ ಅಗತ್ಯವೇ ಇರಲಿಲ್ಲ. ಆ ಕಥೆಗಳು ಅಜ್ಜಿಗೆ ನನಗಿಂತ ಚೆನ್ನಾಗಿ ಗೊತ್ತು. ಅಂಗೈಯಿಂದ ಬೆಳಕು ಹೊರಟರೆ ಚಾಪೆಯಲ್ಲಿ ಕುಳಿತಲ್ಲೇ ಕೈ ಮುಗಿಯುತ್ತಿದ್ದರು. ಕತ್ತಿ ವರಸೆಯ ರಾಜಕುಮಾರನ ಚಿತ್ರಗಳಲ್ಲಿ ಮಾತ್ರ ಅವರಿಗೆ ಸಿಟ್ಟು. ನಾಯಕ ಕೆನ್ನೆಗೆ ಒಂದು ಮಚ್ಚೆ ಅಂಟಿಸಿಕೊಂಡು ಬಂದರೆ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ.

"ಇದೆಂತ ವೇಷ ಮಾರಾಯ್ತಿ?" ಅಜ್ಜಿ ಗೊಣಗುತ್ತಿದ್ದರು. (ಮನೆಯಲ್ಲಿ ಎಲ್ಲ ಮಾತು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.) "ನಮ್ಮ ಆಟದಲ್ಲಿ ನೋಡು. ಬಣ್ಣದ ವೇಷ ಬಂತು ಅಂದ್ರೆ ರಾಕ್ಷಸ. ಬೆಳಗಾಗುವವರೆಗೂ ರಾಕ್ಷಸನೇ. ವೇಷ ಸುಳ್ಳು ಹೇಳುವುದಿಲ್ಲ."

ಹುಟ್ಟಿದಂದಿನಿಂದ ಯಕ್ಷಗಾನ ನೋಡಿದ ಕಣ್ಣು ಅವರದು. ಕಿರೀಟ ಎಂಥದ್ದು, ಮುಖದ ಬಣ್ಣ ಎಂಥದ್ದು, ಕುಣಿತದ ನಡೆ ಎಂಥದ್ದು ಎಂದು ನೋಡಿ, ಪಾತ್ರ ಬಾಯಿ ತೆರೆಯುವ ಮೊದಲೇ ಅದರ ಗುಣ ಹೇಳುವವರು. ಅದೇ ಕಣ್ಣಿನಿಂದ ಅವರು ಸಿನೆಮಾ ನೋಡಿದರು. ಅದೇ ಕಣ್ಣಿನಿಂದ ರಸ್ತೆಯನ್ನೂ ನೋಡಿದರು. ಅವರದ್ದು ತಪ್ಪು ಎಂದು ನಾನು ಹೇಳಲಾರೆ. ನನಗೆ ಹೇಳುವ ಬಾಯಿ ಇಲ್ಲ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಗುರುವಾಯನಕೆರೆಯ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿ ಸರಕಾರಿ ಹೆರಿಗೆ ಕೇಂದ್ರ ಶುರುವಾಯಿತು. ಅಲ್ಲಿಗೆ ಘಟ್ಟದ ಮೇಲಿನಿಂದ ಒಬ್ಬರು ಮಿಡ್‌ವೈಫ್ ಬಂದರು. ವಯಸ್ಸು ಇಪ್ಪತ್ತೇಳು ಇಪ್ಪತ್ತೆಂಟು ಇರಬಹುದು. ಒಬ್ಬರೇ. ಕೈಯಲ್ಲಿ ರಿಸ್ಟ್ ವಾಚು, ಹೆಗಲಲ್ಲಿ ಚರ್ಮದ ಬ್ಯಾಗು, ಟೈಫಾಯ್ಡ್ ಬಂದು ಉದುರಿ ಮತ್ತೆ ಬೆಳೆಯುತ್ತಿದ್ದ ಮೋಟು ಕೂದಲು, ಕಣ್ಣಿಗೆ ಕಪ್ಪು ಕೂಲಿಂಗ್ ಗ್ಲಾಸು. ತುಳು ಒಂದಕ್ಷರ ಬಾರದು. ಬಸ್ಸಿಗೆ ಕಾಯುವಾಗ ಹೋಟೆಲಿಗೆ ಹೋಗಿ ಗಂಡಸರ ನಡುವೆ ಬೆಂಚಿನಲ್ಲಿ ಕುಳಿತು ಚಾ ಕುಡಿಯುತ್ತಿದ್ದರು. ಚಾ ತಣ್ಣಗಿದ್ದರೆ "ರೀ, ಇದನ್ನ ಸ್ನಾನಕ್ಕೆ ಕೊಟ್ರಾ?" ಎಂದು ಗಟ್ಟಿಯಾಗಿ ಕೇಳಿ ನಗುತ್ತಿದ್ದರು.

ಆ ಬೇಸಗೆ ನನ್ನ ಅಕ್ಕ ಬಂಟ್ವಾಳದ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ಎರಡನೆಯದು. ಮೊದಲನೆಯದು ಹುಟ್ಟುವಾಗಲೇ ಹೋಗಿತ್ತು. ಈ ಸಲ ಮಗು ಉಳಿಯಬೇಕು ಎನ್ನುವುದು ಬಿಟ್ಟರೆ ಅವಳಿಗೆ ಬೇರೆ ಆಸೆಯೇ ಇರಲಿಲ್ಲ. ಊಟ ಮಾಡುವುದು, ನಡೆಯುವುದು, ಮಲಗುವ ಮಗ್ಗುಲು ಬದಲಿಸುವುದು, ಎಲ್ಲವನ್ನೂ ಅದಕ್ಕಾಗಿಯೇ ಎಂಬಂತೆ ಮಾಡುತ್ತಿದ್ದಳು.

ಹಾಗಿರುವಾಗ ಟೆಂಟಿಗೆ ಒಂದು ಪತ್ತೇದಾರಿ ಚಿತ್ರ ಬಂತು. ಹಿಂದಿಯದ್ದು. ಅಂಥದ್ದು ನಾವು ಯಾರೂ ಅಲ್ಲಿಯವರೆಗೆ ನೋಡಿರಲಿಲ್ಲ. ಅಕ್ಕ ಬರಲಿಲ್ಲ. ಅಜ್ಜಿ, ದೊಡ್ಡಮ್ಮ, ನೆರೆಯ ಹೆಂಗಸರು, ನಾನು ಹೋದೆವು. ದೊಡ್ಡ ಬಂಗಲೆ, ಬಸುರಿ ಸೊಸೆ, ಮನೆ ನೋಡಿಕೊಳ್ಳುವ ಬಿಳಿ ಸೀರೆಯ ವಿಧವೆ ಅತ್ತೆ. ಸೊಸೆ ದಿನದಿನಕ್ಕೆ ಸೊರಗುತ್ತಾಳೆ. ಆಗ ಕೂಲಿಂಗ್ ಗ್ಲಾಸು ಹಾಕಿದ ಒಬ್ಬಳು ಕಾರಿನಿಂದ ಇಳಿದು ಮನೆಯೊಳಗೆ ಬರುತ್ತಾಳೆ. ತುತ್ತೂರಿ. ಅವಳ ಬ್ಯಾಗಿನಲ್ಲಿ ಒಂದು ಪುಟ್ಟ ಬಾಟ್ಲಿ.

ಫಟ ಫಟ ಫಟ. ದೀಪ.

"ಯಾರು ಅವಳು?"

"ವಿಷ ಹಾಕುವವಳು," ಎಂದೆ. ಒಂದು ಸೆಕೆಂಡೂ ಯೋಚಿಸಲಿಲ್ಲ. "ಬಸುರಿಗೆ ಮದ್ದು ಅಂತ ಹೇಳಿ ವಿಷ ಕೊಡ್ತಾಳೆ. ಮಗು ಉಳಿಯಬಾರದು ಅಂತ."

ಆ ಹೊತ್ತಿಗೆ ದೊಡ್ಡಮ್ಮ ಅಜ್ಜಿಯನ್ನು ತಿವಿದರು. ಹಿಂದೆ ಬೆಂಚಿನ ಸಾಲಿನಲ್ಲಿ ಮಿಡ್‌ವೈಫ್ ಕುಳಿತಿದ್ದರು. ಒಬ್ಬರೇ. ಕತ್ತಲಾದ ಮೇಲೂ ಆ ಕಪ್ಪು ಗ್ಲಾಸು ತೆಗೆದಿರಲಿಲ್ಲ.

"ರಾತ್ರಿಗೂ ಅದನ್ನು ಹಾಕಿಕೊಳ್ತಾರಾ?" ಅಜ್ಜಿ ನನ್ನನ್ನು ಕೇಳಿದರು. "ಯಾಕೆ ಮಗಾ?"

ಮೂವತ್ತು ಮುಖ ನನ್ನನ್ನು ನೋಡುತ್ತಿದ್ದವು. ಗೊತ್ತಿಲ್ಲ ಎನ್ನಬಹುದಿತ್ತು. ನಾನು ಹುಬ್ಬು ಏರಿಸಿ, ಪರದೆಯ ಕಡೆ ಬೆರಳು ತೋರಿಸಿ, "ಅದೇ ಜಾತಿ," ಎಂದೆ. ಎಲ್ಲರೂ ನಕ್ಕರು. ಆ ನಗು ನನಗೆ ಎಷ್ಟು ಹಿತವಾಗಿತ್ತು ಎಂಬುದನ್ನು ಬರೆಯುವಾಗ ಇವತ್ತೂ ಕಿವಿ ಬಿಸಿಯಾಗುತ್ತದೆ.

ಕೊನೆಯ ರೀಲಿನಲ್ಲಿ ಹಾಲಿನ ಲೋಟಕ್ಕೆ ಪುಡಿ ಹಾಕುವ ಕೈಯನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿದರು, ಆ ಕೈಯ ಮೇಲೆ ಬಿಳಿ ಸೆರಗು. ವಿಷ ಹಾಕುತ್ತಿದ್ದವಳು ತುಳಸಿಗೆ ನೀರೆರೆಯುವ ಆ ಅತ್ತೆ. ಕೂಲಿಂಗ್ ಗ್ಲಾಸಿನವಳು ಪೊಲೀಸರ ಕಡೆಯವಳು, ವಿಷ ತೆಗೆದು ಮದ್ದು ಇಟ್ಟು ಸೊಸೆಯನ್ನು ಉಳಿಸಿದವಳು. ಹಿಂದಿ ಬೇಕಾಗಿಯೇ ಇರಲಿಲ್ಲ, ಕಣ್ಣಿದ್ದರೆ ಸಾಕಿತ್ತು. ಸಂಸಾರದ ಚಿತ್ರದಲ್ಲಿ ಬಿಳಿ ಸೀರೆಗೆ ಯಾವ ಅರ್ಥವೋ ಪತ್ತೇದಾರಿ ಚಿತ್ರದಲ್ಲಿ ಅದೇ ಅರ್ಥವನ್ನು ಬಲೆಯ ಹಾಗೆ ಹಾಸಿಟ್ಟು ನಮ್ಮನ್ನು ಹಿಡಿಯುತ್ತಾರೆ. ನಾವು ಯಾರನ್ನು ಕಣ್ಣುಮುಚ್ಚಿ ನಂಬುತ್ತೇವೆ ಎಂದು ಅವರಿಗೆ ಗೊತ್ತಿರುತ್ತದೆ. ಅಷ್ಟರ ಮಟ್ಟಿಗೆ ಆ ಚಿತ್ರ ನನ್ನ ಮೇಲೆಯೇ ತೆಗೆದ ಹಾಗಿತ್ತು.

ಅತ್ತೆಯ ಕೈಗೆ ಕೋಳ ಹಾಕಿದರು. ಹೆಂಗಸರು ಗಾಬರಿಯಾದರು.

"ಅಯ್ಯಯ್ಯೋ, ಆ ಅಮ್ಮನನ್ನು ಯಾಕೆ ಹಿಡಿದುಕೊಂಡು ಹೋಗುದು?"

"ಮತ್ತೆಂತ," ಎಂದೆ. "ಆ ಗ್ಲಾಸಿನವಳು ಸುಳ್ಳು ಸಾಕ್ಷಿ ಹೇಳಿ ಸಿಕ್ಕಿಸಿ ಹಾಕಿದಳು."

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ವಿಷ ಹಾಕಿದವಳಿಗಾಗಿ ಮೂವತ್ತು ಹೆಂಗಸರು ಅತ್ತರು. ಹಿಂದೆ ಮಿಡ್‌ವೈಫ್ ನಗುತ್ತ ಚಪ್ಪಾಳೆ ತಟ್ಟಿದರು. ಅವರಿಗೆ ಹಿಂದಿ ಬರುತ್ತಿತ್ತು ಎಂದು ಕಾಣುತ್ತದೆ.

"ನೋಡು, ನೋಡು, ನಗ್ತಾಳೆ," ಎಂದರು ದೊಡ್ಡಮ್ಮ.

ಎಂಟು ದಿನ ಕಳೆದು ಅದೇ ಮಿಡ್‌ವೈಫ್ ನಮ್ಮ ಚಾವಡಿಗೆ ಬಂದರು. ಊರಿನ ಬಸುರಿಯರನ್ನು ಮನೆಮನೆಗೆ ಹೋಗಿ ನೋಡುವುದು ಅವರ ಕೆಲಸ. ಬಿಸಿಲಲ್ಲಿ ನಡೆದು ಬಂದಿದ್ದರು. ಬೆಲ್ಲ ನೀರು ಕೊಟ್ಟೆವು. ಅದಕ್ಕೆ ಮನೆಯ ಪದ್ಧತಿ ಅಡ್ಡಿಯಾಗಲಿಲ್ಲ. ಅಕ್ಕನನ್ನು ಒಳಗೆ ಮಲಗಿಸಿ ಹೊಟ್ಟೆಯ ಮೇಲೆ ಕೈಯಿಟ್ಟು, ಕಣ್ಣುಮುಚ್ಚಿ, ಏನೋ ಕೇಳಿಸಿಕೊಳ್ಳುವವರ ಹಾಗೆ ತುಂಬಾ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದರು.

"ಪಾಪು, ನಿಂಗೆ ಕನ್ನಡ ಬರತ್ತಲ್ಲ? ಅಜ್ಜಿಗೆ ಸರಿಯಾಗಿ ಹೇಳು. ಮಗು ಅಡ್ಡ ಮಲಗಿದೆ. ತಿರುಗ್ಬೋದು, ತಿರುಗದೇನೂ ಇರ್ಬೋದು. ನೋವು ಶುರುವಾದ ತಕ್ಷಣ ನಂಗೆ ಹೇಳಿ ಕಳಿಸ್ಬೇಕು. ಕಾಯಬಾರ್ದು. ಬೇಕಾದ್ರೆ ಬೆಳ್ತಂಗಡಿ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ."

ನಾನು ಒಂದು ಅಕ್ಷರ ಬಿಡದೆ ತುಳುವಿನಲ್ಲಿ ಹೇಳಿದೆ. ಜೀವನದಲ್ಲಿ ಮೊದಲ ಸಲ ನಾನು ಕೇಳಿದ್ದನ್ನೇ ಹೇಳಿದ್ದೆ. ಅವರು ಬ್ಯಾಗಿನಿಂದ ಒಂದು ಪುಟ್ಟ ಬಾಟ್ಲಿ ತೆಗೆದು, ಇದನ್ನು ಊಟದ ಮೇಲೆ ಕೊಡಿ ಎಂದರು. ಅಜ್ಜಿ ಆ ಬಾಟ್ಲಿಯನ್ನು ನೋಡಿದ ರೀತಿ ನೋಡಿದೆ. ಅದು ಯಾವ ರೀಲಿನ ನೆನಪು ಎಂದು ನನಗೆ ಗೊತ್ತಿತ್ತು.

ಮಿಡ್‌ವೈಫ್ ಗೇಟು ದಾಟಿದ ಮೇಲೆ ಅಜ್ಜಿ ಕೇಳಿದರು: "ಇದರಲ್ಲಿ ಎಂತ ಬರೆದಿದ್ದಾರೆ?"

"ರಕ್ತಕ್ಕೆ ಕಬ್ಬಿಣದ ಟಾನಿಕ್ಕು."

"ಕಬ್ಬಿಣ ಕುಡಿಸುದಾ?" ದೊಡ್ಡಮ್ಮ ಮೂಗಿನ ಮೇಲೆ ಬೆರಳಿಟ್ಟರು. "ನಾಳೆ ನೇಗಿಲೇ ನುಂಗಿಸ್ತಾಳೆ. ಅದೆಲ್ಲ ಇರಲಿ, ಅವಳನ್ನು ನಂಬುದು ಹೇಗೆ? ನೀನೇ ಹೇಳಿದ್ದಲ್ವಾ?"

ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಮಾಷೆಗೆ ಹೇಳಿದ್ದು, ಆ ಚಿತ್ರದಲ್ಲಿ ಅವಳು ಒಳ್ಳೆಯವಳು ಎಂದು ಹೇಳಬೇಕಿತ್ತು. ಆದರೆ ಹಾಗೆ ಹೇಳಿದರೆ, ಮತ್ತೆ ನೀನು ಅವತ್ತು ಹೇಳಿದ್ದು? ಅದಕ್ಕೂ ಮೊದಲು ಹೇಳಿದ್ದೆಲ್ಲ? ಒಂದು ನೂಲು ಎಳೆದರೆ ಇಡೀ ಸೆರಗು ಬಿಚ್ಚುತ್ತದೆ. ನಾನು ಬಾಟ್ಲಿಯನ್ನು ತಿರುಗಿಸಿ ತಿರುಗಿಸಿ ಓದುವವಳ ಹಾಗೆ ಮಾಡಿದೆ. ಅಜ್ಜಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗಳದ ತುದಿಯ ಬಸಳೆಯ ಬುಡಕ್ಕೆ ಸುರಿದರು.

ಆ ಸಂಜೆ ಬಾವಿಕಟ್ಟೆಯ ಹತ್ತಿರ ಅಕ್ಕ ನನ್ನನ್ನು ಹಿಡಿದಳು.

"ಒಂದು ಮಾತು ಕೇಳ್ತೇನೆ, ಸಿಟ್ಟು ಮಾಡ್ಬಾರ್ದು ಆಯ್ತಾ? ಆ ಚಿತ್ರದಲ್ಲಿ ವಿಷ ಹಾಕಿದ್ದು ಅತ್ತೆ ಅಲ್ವಾ?"

ನಾನು ಬಾವಿಯ ಹಗ್ಗ ಸುತ್ತತೊಡಗಿದೆ.

"ನಿನ್ನ ಭಾವ ಬಂಟ್ವಾಳದಲ್ಲಿ ನೋಡಿದ್ದಾರೆ, ಕಥೆ ಹೇಳಿದ್ರು." ಅವಳು ನಗುತ್ತಿದ್ದಳು. "ನಿನಗೆ ಹಿಂದಿ ಬರುವುದಿಲ್ಲ ಅಂತ ನನಗೆ ಮೊದಲಿಂದ ಗೊತ್ತುಂಟು ಮಾರಾಯ್ತಿ. ಹೋದ ವರ್ಷ ತಮಿಳು ಚಿತ್ರಕ್ಕೂ ಹೇಳಿದಿಯಲ್ಲ. ನಾನು ಯಾರಿಗಾದ್ರೂ ಹೇಳಿದ್ದೇನಾ? ನೀನು ಹೇಳುದು ಕೇಳ್ಲಿಕ್ಕೆ ಚಂದ ಅಂತ ಸುಮ್ಮನಿದ್ದೆ."

"ಅಕ್ಕಾ…"

"ಅದು ಬಿಡು. ನನಗೆ ಅವರು ಬೇಕು. ಹೊಟ್ಟೆ ಮುಟ್ಟಿದಾಗ ಅವರಿಗೆ ಗೊತ್ತಾಯ್ತು, ನನಗೂ ಗೊತ್ತಾಯ್ತು. ಅಜ್ಜಿ ನನ್ನ ಮಾತು ಕೇಳುದಿಲ್ಲ, ಬಸುರಿ ಹೆದರಿದ್ದಾಳೆ ಅಂತಾರೆ. ನಿನ್ನ ಮಾತು ಕೇಳ್ತಾರೆ. ಅರ್ಥ ತಪ್ಪಿತು ಅಂತ ಒಂದು ಸಲ ಹೇಳು. ಒಂದೇ ಸಲ."

"ನಾಳೆ ಹೇಳ್ತೇನೆ."

"ನಾಳೆ ಖಂಡಿತ?"

"ಪ್ರಾಮಿಸ್."

ಕಾನ್ವೆಂಟಿನಲ್ಲಿ ನಾವು ಪ್ರಾಮಿಸ್ ಎಂದು ಕತ್ತಿನ ಮೇಲೆ ಕೈಯಿಟ್ಟು ಹೇಳುತ್ತಿದ್ದೆವು. ಹಾಗೆಯೇ ಹೇಳಿದೆ. ಮರುದಿನ ಅಜ್ಜಿಯ ಹಿಂದೆ ಹಿಂದೆ ತಿರುಗಿದೆ. ಅಜ್ಜಿ ಹಲಸಿನಕಾಯಿ ಹಪ್ಪಳ ಒತ್ತುತ್ತಿದ್ದರು. ಪಕ್ಕದಲ್ಲಿ ನೆರೆಯ ನಾಲ್ಕು ಹೆಂಗಸರು, ಅವರೆಲ್ಲ ಟೆಂಟಿನಲ್ಲಿ ನನ್ನ ಸುತ್ತ ಕುಳಿತವರು. "ಬಂದಳು ನಮ್ಮ ಅರ್ಥಧಾರಿ, ಬಾ ಕೂತುಕೋ," ಎಂದು ಒಬ್ಬರು ಮಣೆ ಸರಿಸಿದರು. ಅವರೆದುರು ಬೇಡ, ಅವರು ಹೋದ ಮೇಲೆ ಹೇಳುವ ಎಂದುಕೊಂಡೆ. ಅವರು ಹೋದ ಮೇಲೆ, ನಾಳೆ ಎಂದುಕೊಂಡೆ. ಹಾಗೆ ಹತ್ತು ದಿನ. ಅಕ್ಕ ಮತ್ತೆ ಬಾಯಿಬಿಟ್ಟು ಕೇಳಲಿಲ್ಲ. ಊಟಕ್ಕೆ ಕುಳಿತಾಗ ಒಮ್ಮೆ ನನ್ನನ್ನು ನೋಡುತ್ತಿದ್ದಳು, ಅಷ್ಟೇ.

ನೋವು ಶುರುವಾದದ್ದು ಒಂದು ಬೆಳಿಗ್ಗೆ, ಗಂಜಿ ಉಣ್ಣುವ ಹೊತ್ತಿಗೆ. ಸಿನೆಮಾವಾಗಿದ್ದರೆ ಗುಡುಗು ಇರುತ್ತಿತ್ತು. ಗಾಳಿಗೆ ಕಿಟಕಿ ಬಡಿಯುತ್ತಿತ್ತು, ದೇವರ ದೀಪ ಅಲುಗುತ್ತಿತ್ತು, ಯಾರಾದರೂ ಎಚ್ಚರಾಗುತ್ತಿದ್ದರು. ಅವತ್ತು ಅಂಥದ್ದೇನೂ ಇಲ್ಲ. ಸ್ವಚ್ಛ ಬಿಸಿಲು. ಅಂಗಳದಲ್ಲಿ ಹಪ್ಪಳ ಒಣಗುತ್ತಿತ್ತು. ಕಾಗೆ ಓಡಿಸಲು ನನ್ನನ್ನು ಕೂರಿಸಿದ್ದರು. ಊರಿನಲ್ಲಿ ಎಲ್ಲರ ಹೆರಿಗೆ ಮಾಡಿಸುವ ಮುದುಕಿಯನ್ನು ಕರೆಸಿದರು. ನನ್ನನ್ನೂ ಅಕ್ಕನನ್ನೂ ಈ ಲೋಕಕ್ಕೆ ತಂದ ಕೈ ಅದು, ಅದರಲ್ಲಿ ಪ್ರೀತಿಗೇನೂ ಕೊರತೆ ಇರಲಿಲ್ಲ. ಮಧ್ಯಾಹ್ನ ಕಳೆಯಿತು. ಒಳಗಿನಿಂದ ಬರುತ್ತಿದ್ದ ಸ್ವರ ಅಕ್ಕನದೆಂದು ಗುರುತೇ ಸಿಗದ ಹಾಗಾಯಿತು. ನಾನು ಕೋಲು ಹಿಡಿದು ಕಾಗೆ ಓಡಿಸುತ್ತಿದ್ದೆ. ಎದ್ದು ಓಡಿದರೆ ಒಂದು ಮೈಲಿ. ಕಾಲುಗಂಟೆ ಬೇಡ. ಯಾರ ಅಪ್ಪಣೆಯೂ ಬೇಕಿರಲಿಲ್ಲ. ನಾನು ಏಳಲಿಲ್ಲ.

ಮೂರು ಗಂಟೆಗೆ ಬೆಳ್ತಂಗಡಿಯಿಂದ ಮಾವ ಬಂದರು. ಅಮ್ಮನ ಅಣ್ಣ, ಮನೆಯ ಯಜಮಾನರು. ಚಾವಡಿಯಲ್ಲಿ ನಿಂತು ಒಂದು ನಿಮಿಷ ಆ ಸ್ವರ ಕೇಳಿದರು. "ಆ ನರ್ಸಮ್ಮನಿಗೆ ಹೇಳಿ ಕಳಿಸಿದ್ದೀರಾ?" ಯಾರೂ ಮಾತಾಡಲಿಲ್ಲ. "ಯಾಕೆ?" ಎಂದರು. ಅವರು ಒರಗಿಸಿದ್ದ ಸೈಕಲನ್ನು ಹಾಗೇ ತಿರುಗಿಸಿ ಹೊರಟರು.

ಮಿಡ್‌ವೈಫ್ ಆ ಸೈಕಲಿನ ಹಿಂದೆ ಕುಳಿತು ಬಂದರು. ಹಿತ್ತಿಲಲ್ಲಿ ನಾನು ಚೆಂಬಿನಿಂದ ಅವರ ಕೈಗೆ ನೀರು ಹೊಯ್ದೆ. ಮುಖ ತೊಳೆಯಲು ಗ್ಲಾಸು ತೆಗೆದರು. ಒಂದು ಕಣ್ಣು ಪೂರಾ ಬಿಳಿ, ಸುತ್ತ ಸಿಡುಬಿನ ಕಲೆ. ನಾನು ಬೆಚ್ಚಿದ್ದು ಅವರಿಗೆ ಗೊತ್ತಾಯಿತು.

"ಹೆದ್ರಬೇಡ ಕಣೆ. ಚಿಕ್ಕಂದಿಂದು," ಎಂದರು. "ಹೆರೋವಾಗ ಇದನ್ನ ನೋಡಿ ಅಪಶಕುನ ಅಂತ ತಾಯಂದ್ರು ಹೆದರ್ತಾರೆ. ಅದಕ್ಕೇ ಹಾಕ್ಕೊಳ್ಳೋದು." ಕೈಯನ್ನು ಮೊಣಕೈವರೆಗೆ ಸೋಪಿನಿಂದ ಉಜ್ಜುತ್ತ, ವಾಚು ನೋಡುತ್ತ, ಕೇಳಿದರು: "ಯಾವಾಗ ಶುರುವಾಯ್ತು?"

"ಬೆಳಿಗ್ಗೆ."

ಉಜ್ಜುವ ಕೈ ಒಂದು ಕ್ಷಣ ನಿಂತಿತು. ಗ್ಲಾಸು ಹಾಕಿಕೊಂಡು ಒಳಗೆ ಹೋದರು.

ಅಕ್ಕ ಉಳಿದಳು. ಮಗು ಉಳಿಯಲಿಲ್ಲ. ಗಂಡು.

ಆಮೇಲಿನದು ಇನ್ನೂ ಹೇಳಲಾಗದ್ದು. ಅವರು ಇಲ್ಲದಿದ್ದರೆ ಅಕ್ಕನೂ ಹೋಗುತ್ತಿದ್ದಳು ಎಂದು ಮಾವ ಎಷ್ಟು ಹೇಳಿದರೂ, ಹೆಂಗಸರ ನಡುವೆ ಕಥೆ ಬೇರೆಯೇ ಆಯಿತು. ಅವಳು ಹೊಸ್ತಿಲು ದಾಟಿದ ಮೇಲೆಯೇ ಮಗು ಹೋದದ್ದು. ಅವಳ ಬ್ಯಾಗಿನಲ್ಲಿ ಬಾಟ್ಲಿ ಇತ್ತು. ಸೂಜಿ ಇತ್ತು. "ನಮ್ಮ ಬಾಲೆ ಮೊದಲೇ ಹೇಳಿದ್ದಳು," ಎಂದು ದೊಡ್ಡಮ್ಮ ಬಂದವರಿಗೆಲ್ಲ ಹೇಳುವಾಗ ನಾನು ಅಲ್ಲೇ, ಕಂಬಕ್ಕೆ ಒರಗಿ ನಿಂತಿರುತ್ತಿದ್ದೆ. ನನಗೆ ಮರ್ಯಾದೆ ಹೆಚ್ಚಾಯಿತು. ಆಗಲೂ ನಾನು ಬಾಯಿ ಬಿಡಲಿಲ್ಲ. ಮೊದಲ ಸಲ ಸುಮ್ಮನಿದ್ದದ್ದು ನಾಚಿಕೆಯಿಂದ ಎನ್ನಬಹುದು. ಈ ಸಲದ್ದಕ್ಕೆ ನನ್ನಲ್ಲಿ ಇವತ್ತಿಗೂ ಒಳ್ಳೆಯ ಹೆಸರಿಲ್ಲ.

ಅಕ್ಕ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಒಂದು ದಿನ ಗಂಜಿ ತೆಗೆದುಕೊಂಡು ಹೋದಾಗ ಕಾಲ ಬಳಿ ಕುಳಿತು ಅತ್ತುಬಿಟ್ಟೆ. ಅವಳು ತಿರುಗದೆಯೇ ಹೇಳಿದಳು: "ಗಂಜಿ ಅಲ್ಲಿಡು. ಶಾಲೆ ಯಾವಾಗ ಶುರು?" ಆಮೇಲೆ ಅವಳಿಗೆ ಎರಡು ಮಕ್ಕಳಾದವು, ಎರಡೂ ಮಂಗಳೂರಿನ ಆಸ್ಪತ್ರೆಯಲ್ಲಿ. ನನ್ನ ಮದುವೆಯಲ್ಲಿ ಓಡಾಡಿ ಕೆಲಸ ಮಾಡಿದ್ದು ಅವಳೇ. ಆ ಮಾತನ್ನು ಮಾತ್ರ ಸಾಯುವವರೆಗೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಜೂನಿನಲ್ಲಿ ಬೋರ್ಡಿಂಗಿಗೆ ಹೋದೆ. ಶನಿವಾರ ಸಂಜೆ ಕ್ಯಾಥೊಲಿಕ್ ಗೆಳತಿಯರು ಪಾಪ ಹೇಳಿಕೊಳ್ಳಲು ಸಾಲಾಗಿ ಕನ್ಫೆಷನ್‌ಗೆ ಹೋಗುತ್ತಿದ್ದರು. ಹೋಗುವಾಗ ಗಂಭೀರ, ಬರುವಾಗ ಹಗುರ, ಒಬ್ಬರನ್ನೊಬ್ಬರು ಚಿವುಟಿಕೊಂಡು ನಗುತ್ತ. ನಮಗೆ, ಹಿಂದೂ ಹುಡುಗಿಯರಿಗೆ, ಆ ಹೊತ್ತಿನಲ್ಲಿ ಹೊಲಿಗೆ. ಚಾಪೆಲಿನ ಹೊರಗಿನ ಬೆಂಚಿನಲ್ಲಿ ಕುಳಿತು ನಾನು ಕರ್ಚೀಫಿನ ಮೂಲೆಗೆ ಹೂವು ಹಾಕುತ್ತಿದ್ದೆ. ಒಳಗೆ ಹೋಗಿ ಆ ಜಾಲರಿಯ ಹತ್ತಿರ ಮೊಣಕಾಲೂರಿದರೆ ಯಾರು ಬೇಡ ಎನ್ನುತ್ತಾರೆ ಎಂದು ಎಷ್ಟೋ ಸಲ ಅನಿಸಿತು. ಹೋಗಲಿಲ್ಲ. ಅದೇ ಮಳೆಗಾಲದಲ್ಲಿ ಮಾವನ ಕಾಗದ ಬಂತು. ಯಾವ ಮನೆಯಿಂದಲೂ ಕರೆ ಬಾರದೆ ಮಿಡ್‌ವೈಫ್ ತಾವಾಗಿಯೇ ವರ್ಗ ಕೇಳಿಕೊಂಡು ಹೋದರಂತೆ. ನಮ್ಮ ಊರಿನ ಹೆರಿಗೆ ಕೇಂದ್ರಕ್ಕೆ ಬೀಗ. ಇದನ್ನು ಮಾವ ಕಾಗದದ ಕೊನೆಯಲ್ಲಿ, ಹಸು ಕರು ಹಾಕಿದ ಸುದ್ದಿಯ ಕೆಳಗೆ ಬರೆದಿದ್ದರು.

ಅವರನ್ನು ಮತ್ತೆ ನೋಡಿದ್ದು ಎಂಟು ವರ್ಷದ ಮೇಲೆ, ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ. ನಾನು ಮದುವೆಯಾಗಿ ಅಲ್ಲಿಗೇ ಬಂದಿದ್ದೆ. ಸೊಂಟದಲ್ಲಿ ಒಂದೂವರೆ ವರ್ಷದ ಮಗಳು. ಕಾರ್ಕಳದ ಬಸ್ಸು ನಿಂತಿತ್ತು. ಯಾರೋ ಹಿಂದಿನಿಂದ ನನ್ನ ಭುಜ ಮುಟ್ಟಿದರು.

"ನೀನು ಅಲ್ವೇನೆ, ನಂಗೆ ಕೈಗೆ ನೀರು ಹಾಕಿದ್ದು?"

ಕೂದಲು ಉದ್ದ ಬೆಳೆದು ಜಡೆಯಾಗಿತ್ತು, ಅಲ್ಲಲ್ಲಿ ಬೆಳ್ಳಗೆ. ಸ್ವರ ಮಾತ್ರ ಅದೇ. ಕೇಳುವ ಮೊದಲೇ ಮಗಳ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿಂದ ಎಳೆದು ನೋಡಿದರು. "ರಕ್ತ ಸ್ವಲ್ಪ ಕಮ್ಮಿ ಇದೆ. ಸೊಪ್ಪು ಕೊಡ್ತೀಯಾ? ಹರಿವೆ ಸೊಪ್ಪು ಕೊಡು." ಆಮೇಲೆ, "ಅಕ್ಕ ಹೇಗಿದಾರೆ?"

"ಎರಡು ಮಕ್ಕಳು."

"ಹೌದಾ!" ಆ ಮುಖ ಅರಳಿದ್ದನ್ನು ನಾನು ನೋಡಬೇಕಾಯಿತು. "ಎಷ್ಟು ಸಲ ನೆನೆಸ್ಕೊಂಡಿದೀನಿ ಗೊತ್ತಾ? ನನ್ನ ಸರ್ವಿಸಿನಲ್ಲಿ ಅವತ್ತಿಂದು ಒಂದು ಮರೆತಿಲ್ಲ. ನಾನು ಹೇಳಿದ್ದು ಅವ್ರಿಗೆ ಅರ್ಥ ಆಗ್ಲಿಲ್ವೇನೋ, ನಾನೇ ಇನ್ನೊಂದು ಸಲ ಬಂದು ಹೇಳ್ಬೇಕಿತ್ತೇನೋ ಅಂತ. ಆಮೇಲೆ ನಿಮ್ಮೂರಲ್ಲಿ ಯಾರೂ ನನ್ನ ಕರೀಲೇ ಇಲ್ಲ. ಯಾಕೆ ಹಾಗೆ ಮಾಡಿದ್ರು ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ ಕಣೆ. ನಾನೇನು ತಪ್ಪು ಮಾಡಿದೆ?"

ಹೇಳುತ್ತೇನೆ ಎಂದುಕೊಂಡೆ. ನಿಜವಾಗಿ. ಬಾಯಿ ತೆರೆದೆ. ಕಂಡಕ್ಟರ್ ಬಸ್ಸಿನ ಮೈಗೆ ಕೈ ಬಡಿದು ಕಾರ್ಕಳ, ಕಾರ್ಕಳ ಎನ್ನುತ್ತಿದ್ದ. ಎರಡು ನಿಮಿಷ ಇತ್ತು. ಎರಡು ನಿಮಿಷ ಸಾಕಿತ್ತು.

"ನಿಮ್ಮ ತಪ್ಪೇನಿಲ್ಲ," ಎಂದೆ. "ಹಳ್ಳಿಯವರು. ಅವರಿಗೆ ಎಂತ ಗೊತ್ತಾಗ್ತದೆ?"

ಅವರು ತಲೆಯಾಡಿಸಿದರು. ನನ್ನ ಕೆನ್ನೆ ತಟ್ಟಿ, "ಆ ಮನೇಲಿ ನಂಜೊತೆ ಸರಿಯಾಗಿ ಮಾತಾಡಿದ್ದು ನೀನೊಬ್ಳೆ," ಎಂದು ಹೇಳಿ ಬಸ್ಸು ಹತ್ತಿದರು. ಎಡಬದಿಯ ಕಿಟಕಿಯಲ್ಲಿ ಜಾಗ ಸಿಕ್ಕಿತು. ಕೈ ಹೊರಗೆ ಚಾಚಿ ಮಗಳ ಪಾದವನ್ನು ಒಮ್ಮೆ ಹಿಡಿದು ಬಿಟ್ಟರು. ಬಸ್ಸು ಹೊರಟಿತು. ನಾನು ಮಗಳನ್ನು ಎತ್ತಿಕೊಂಡು ಕಿಟಕಿಯ ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿದೆ. ಅದನ್ನು ಅವರು ಪ್ರೀತಿ ಎಂದು ತಿಳಿದುಕೊಂಡಿರಬೇಕು. ತಿರುವಿನವರೆಗೂ ಕೈ ಬೀಸುತ್ತಲೇ ಇದ್ದರು.